ದೃಢೀಕರಣ ಆದ ಮೇಲೆ ಮಕ್ಕಳು ಚರ್ಚಿಗೆ ಯಾಕೆ ಬರುವುದಿಲ್ಲ?

ಚರ್ಚಿನಲ್ಲಿ ಹುಡುಗ ಹುಡುಗಿಯರ ಜೊತೆ ಕೆಲಸ ಮಾಡುತ್ತೇನೆ ಅಂತ ಗೊತ್ತಾದ ಕೂಡಲೇ ಅಪ್ಪ ಅಮ್ಮಂದಿರು ಇದನ್ನೇ ಕೇಳುತ್ತಾರೆ. ಇಷ್ಟು ವರ್ಷ ಧರ್ಮೋಪದೇಶಕ್ಕೆ ಕಳಿಸಿದೆವು, ನಂಬಿಕೆಯಲ್ಲಿ ಗಟ್ಟಿಗೊಳಿಸುವ ಸಂಸ್ಕಾರವಾದ ದೃಢೀಕರಣವೂ ಆಯಿತು, ಈಗ ಭಾನುವಾರ ಎಬ್ಬಿಸಿದರೆ ಮಗ ಮಗ್ಗುಲು ಬದಲಿಸಿ ಮಲಗುತ್ತಾನೆ, ಎಲ್ಲಿ ಕಮ್ಮಿಯಾಯಿತು?

ನನಗೆ ಅನ್ನಿಸುವುದು ಇಷ್ಟು. ಅವನ ಜೊತೆ ಇರುವವರು ಕಮ್ಮಿಯಾದರು. ಅಷ್ಟು ವರ್ಷದಲ್ಲಿ ಅವನು ನೋಡಿದ್ದು ಹಾಜರಿ ಕೂಗುವ ಟೀಚರನ್ನು ಮತ್ತು ಪೀಠದಲ್ಲಿ ನಿಂತ ಫಾದರನ್ನು. ಅವನಿಗೆ ಯಾವುದು ಇಷ್ಟ, ಶಾಲೆಯಲ್ಲಿ ಯಾರ ಭಯ, ರಾತ್ರಿ ಯಾಕೆ ನಿದ್ದೆ ಬರುವುದಿಲ್ಲ ಅನ್ನುವುದು ಚರ್ಚಿನಲ್ಲಿ ಒಬ್ಬರಿಗಾದರೂ ಗೊತ್ತಿತ್ತಾ?

ಈ ಮಾತು ನನ್ನದಲ್ಲ, ಕಥೋಲಿಕ ಧರ್ಮಸಭೆಯ ಹಳೆಯ ಅನುಭವ. 1841ರ ಡಿಸೆಂಬರ್ 8ರಂದು ಇಟಲಿಯ ಟ್ಯೂರಿನ್‌ನಲ್ಲಿ ಜಾನ್ ಬೋಸ್ಕೊ (ಮುಂದೆ ಡಾನ್ ಬೋಸ್ಕೊ ಅಂತ ಹೆಸರಾದವರು) ಎಂಬ ಹೊಸ ಗುರು ಚರ್ಚಿನ ಕೋಣೆಯಲ್ಲಿ ಬಲಿಪೂಜೆಗೆ ಸಿದ್ಧವಾಗುತ್ತಿದ್ದರು. ಅದೇ ಕೋಣೆಗೆ ಬಾರ್ತೊಲೊಮಿಯೊ ಗರೆಲ್ಲಿ ಎಂಬ ಹುಡುಗ ಬಂದು ನಿಂತಿದ್ದ. ಕಟ್ಟಡ ಕೆಲಸದವನು, ಅಪ್ಪ ಅಮ್ಮ ಇಲ್ಲ. ಪೂಜೆಗೆ ಸಹಾಯ ಮಾಡುವುದು ಹೇಗೆಂದು ಗೊತ್ತಿಲ್ಲ ಅಂದದ್ದಕ್ಕೆ ಚರ್ಚಿನ ಕೆಲಸಗಾರ ಕೋಲು ತೆಗೆದು ಬಾರಿಸಿ ಓಡಿಸಿದ. ಬೋಸ್ಕೊ, ಅವನು ನನ್ನ ಗೆಳೆಯ, ವಾಪಸ್ ಕರೆಯಿರಿ ಅಂದರು. ಪೂಜೆ ಮುಗಿದ ಮೇಲೆ ಕೂರಿಸಿಕೊಂಡು ಕೇಳಿದರು: ಓದಲು ಬರುತ್ತಾ? ಇಲ್ಲ. ಬರೆಯಲು? ಇಲ್ಲ. ಹಾಡಲು? ಅದೂ ಇಲ್ಲ. ಶಿಳ್ಳೆ ಹಾಕಲು ಬರುತ್ತಾ? ಹುಡುಗ ನಕ್ಕುಬಿಟ್ಟ. ಆಮೇಲೆ ಒಂದು ನಮೋ ಮರಿಯಾ ಪ್ರಾರ್ಥನೆ, ಶಿಲುಬೆ ಗುರುತು, ಪಾಠ. ಮುಂದೆ ಗೆಳೆಯರನ್ನೂ ಕರೆದುಕೊಂಡು ಬಂದ. ಡಾನ್ ಬೋಸ್ಕೊ ಅವರ ಇಡೀ ಕೆಲಸ ಶುರುವಾಗಿದ್ದು ಹೀಗೆ. ಮೊದಲು ನಗು ಬಂತು, ಪಾಠ ಆಮೇಲೆ ಬಂತು, ಆದರೆ ಪಾಠ ಬಂದೇ ಬಂತು ಅನ್ನುವುದನ್ನು ಮರೆಯಬೇಡಿ. ಸುಮ್ನೆ ಆಟ ಆಡಿಸಿ ಕಳಿಸಿದರೆ ಅದು ಯುವಸೇವೆ, ಅಂದರೆ ಚರ್ಚು ಯುವಜನರ ಜೊತೆ ಮಾಡುವ ಕೆಲಸ, ಆಗುವುದಿಲ್ಲ.

1884ರ ಮೇ ತಿಂಗಳಲ್ಲಿ, ವಯಸ್ಸಾದ ಮೇಲೆ, ಅವರು ರೋಮ್‌ನಿಂದ ತಮ್ಮವರಿಗೆ ಒಂದು ಪತ್ರ ಬರೆದರು. ಅದರಲ್ಲಿ ಇರುವುದು ಇದೇ ನೋವು. ಮೊದಲೆಲ್ಲ ಗುರುಗಳು ಆಟದ ಹೊತ್ತಿನಲ್ಲಿ ಹುಡುಗರ ನಡುವೆ ಇರುತ್ತಿದ್ದರು, ಈಗ ಇಲ್ಲ. ಪಾಠದ ಪೀಠದಲ್ಲಿ ಮಾತ್ರ ಕಾಣುವವನು ಬರೀ ಮೇಷ್ಟ್ರು, ಆಟಕ್ಕೂ ಬಂದರೆ ಅಣ್ಣನಾಗುತ್ತಾನೆ. ಮಕ್ಕಳನ್ನು ಪ್ರೀತಿಸಿದರೆ ಸಾಲದು, ಪ್ರೀತಿಸುತ್ತಿದ್ದಾರೆ ಅಂತ ಅವರಿಗೇ ಗೊತ್ತಾಗಬೇಕು. ನಾನು ಈ ಪತ್ರಕ್ಕೆ ಆಗಾಗ ಹಿಂತಿರುಗುತ್ತೇನೆ.

ಅವರ ಶಿಕ್ಷಣ ಪದ್ಧತಿಗೆ ಮೂರು ಆಧಾರ: ವಿವೇಕ, ಧರ್ಮ, ಅಕ್ಕರೆ. ನಾವು ಧರ್ಮ ಹಿಡಿದುಕೊಳ್ಳುತ್ತೇವೆ, ಅಕ್ಕರೆಯೂ ಒಂದಷ್ಟು ಇರುತ್ತದೆ, ವಿವೇಕವನ್ನು ಮಾತ್ರ ಬಿಟ್ಟುಬಿಡುತ್ತೇವೆ ಅಲ್ವಾ? ಹದಿನಾರರ ಹುಡುಗಿ, ದೇವರು ಒಳ್ಳೆಯವನಾದರೆ ನನ್ನಮ್ಮ ಯಾಕೆ ಸತ್ತಳು ಅಂತ ಕೇಳಿದರೆ, ಹಾಗೆಲ್ಲ ಕೇಳಬಾರದು ಅನ್ನುವುದು ಉತ್ತರವಲ್ಲ. ಅವಳ ಜೊತೆ ಕುಳಿತು ಬೈಬಲಿನ ಯೋಬನ ಕಥೆ ಓದಬಹುದು. ಯೋಬನೂ ದೇವರನ್ನು ಯಾಕೆ ಅಂತ ಕೇಳಿದವನೇ. ಉತ್ತರ ಸಿಗದಿದ್ದರೂ ಅವಳ ಜೊತೆ ಸುಮ್ಮನೆ ಕೂರಬಹುದು. ನಂಬಿಕೆಯನ್ನು ಯಾರ ಮೇಲೂ ಬಲವಂತವಾಗಿ ಹೇರಬಾರದು ಅಂತ ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ಪ್ರಶ್ನೆಯ ಬಾಯಿ ಮುಚ್ಚಿಸುವುದೂ ನನ್ನ ಲೆಕ್ಕದಲ್ಲಿ ಬಲವಂತವೇ.

ಇನ್ನೊಂದು ವಿಷಯ. ಡಾನ್ ಬೋಸ್ಕೊಗೆ ಹುಡುಗರ ಆತ್ಮ ಮಾತ್ರ ಕಾಣಲಿಲ್ಲ, ಅವರ ಕೂಲಿಯೂ ಕಂಡಿತು. ಕೆಲಸ ಕಲಿಯುವ ಹುಡುಗರ ಪರವಾಗಿ ಮಾಲೀಕರ ಜೊತೆ ಲಿಖಿತ ಒಪ್ಪಂದ ಮಾಡಿಸಿದರು. ಹಬ್ಬದ ದಿನ ರಜೆ ಕೊಡಬೇಕು, ತಪ್ಪು ಮಾಡಿದರೆ ಮಾತಿನಲ್ಲಿ ತಿದ್ದಬೇಕು, ಹೊಡೆಯಬಾರದು ಅಂತ ಬರೆಸಿದರು. ಕಾಲೇಜು, ಕೆಲಸ, ಸಾಲ, ಮನಸ್ಸಿನ ಬೇಸರ ಇವೆಲ್ಲ ಯುವಸೇವೆಯ ಹೊರಗಿನ ವಿಷಯ ಅನ್ನುವವರಿಗೆ ಇದನ್ನು ತೋರಿಸುತ್ತೇನೆ.

ಹಾಗಾದರೆ ಮನೆಯವರು? ಅದೇ ವ್ಯಾಟಿಕನ್ ಮಹಾಸಭೆ ಮಕ್ಕಳ ಮೊದಲ ಶಿಕ್ಷಕರು ತಂದೆ ತಾಯಿಯೇ ಅಂತ ಹೇಳಿತು. ಹಾಗಾಗಿ ಮಗನನ್ನು ನಮ್ಮ ಕೈಗೆ ಒಪ್ಪಿಸಿ ಹೋಗಬೇಡಿ. ಪೂಜೆ ಮುಗಿಸಿ ಬರುವಾಗ, ಇವತ್ತಿನ ಪ್ರಬೋಧನೆ (ಪೂಜೆಯಲ್ಲಿ ಫಾದರ್ ಹೇಳಿದ ಉಪದೇಶ) ನಿನಗೆ ಹೇಗನ್ನಿಸಿತು ಅಂತ ಕೇಳಿ. ಬೋರು ಅಂದರೆ ಬೈಯಬೇಡಿ, ಯಾಕೆ ಅಂತ ಕೇಳಿ.

ಜೊತೆಗಿರುವುದು ಅಂದರೆ ಮುಚ್ಚಿದ ಬಾಗಿಲ ಹಿಂದಿನ ಸ್ನೇಹವಲ್ಲ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಎಲ್ಲರಿಗೂ ಕಾಣುವ ಜಾಗದಲ್ಲಿ, ಮನೆಯವರಿಗೆ ಗೊತ್ತಿದ್ದೇ ಎಲ್ಲ ನಡೆಯಬೇಕು. ಧರ್ಮಸಭೆಯೊಳಗೇ ಮಕ್ಕಳ ಮೇಲೆ ದೌರ್ಜನ್ಯ ಆಗಿದೆ. ಅದನ್ನು ಮರೆತು ನಂಬಿಕೆ ಕೇಳುವ ಹಕ್ಕು ನಮಗಿಲ್ಲ.

ಮತ್ತೆ ಅವರಿಗೆ ಕೆಲಸ ಕೊಡಿ, ಕುರ್ಚಿ ಎತ್ತುವ ಕೆಲಸ ಮಾತ್ರ ಅಲ್ಲ. 2019ರಲ್ಲಿ ಪೋಪ್ ಫ್ರಾನ್ಸಿಸ್ ಯುವಜನರಿಗೆ ಬರೆದ ಪತ್ರದಲ್ಲಿ, ಯುವಸೇವೆ ನಡೆಸುವವರು ಯುವಜನರೇ ಆಗಬೇಕು ಅಂದರು. ಪೂಜೆಯಲ್ಲಿ ಬೈಬಲ್ ವಾಚನ, ಸಂಗೀತ, ಚಿಕ್ಕವರಿಗೆ ಧರ್ಮೋಪದೇಶ, ರೋಗಿಗಳ ಭೇಟಿ, ಇದರಲ್ಲಿ ಯಾವುದು ಬೇಕು ಅಂತ ಅವರನ್ನೇ ಕೇಳಿ. ಮೊದಲ ಸಲ ಎಡವಟ್ಟಾಗುತ್ತದೆ, ವಾಚನ ಓದುವಾಗ ತೊದಲುತ್ತಾರೆ. ಮುಂದಿನ ವಾರವೂ ಅವರಿಗೇ ಓದಲು ಕೊಡಿ.