ಹಾಸ್ಟೆಲ್‌ಗೆ ಹೊರಟ ಮಗಳು

ಬಕೆಟ್, ಮಗ್, ಬಟ್ಟೆ ಕ್ಲಿಪ್ಪು, ಚಟ್ನಿಪುಡಿ ಎಲ್ಲ ತುಂಬಿಸುತ್ತಿದ್ದೆ. "ಅಮ್ಮಾ, ಅಲ್ಲಿ ಜ್ವರ ಬಂದ್ರೆ ಯಾರಿಗೆ ಹೇಳ್ಲಿ?" ಅಂದಳು ಮಗಳು.

ಸಿಇಟಿ ರ‍್ಯಾಂಕು, ಸೀಟು, ಫೀಸು ಎಲ್ಲಕ್ಕಿಂತ ಇದೇ ದೊಡ್ಡ ಪ್ರಶ್ನೆ ಅನ್ನಿಸಿತು. ಇಷ್ಟು ವರ್ಷ ಅವಳ ಜ್ವರ ಮೊದಲು ಗೊತ್ತಾಗುತ್ತಿದ್ದದ್ದು ನನ್ನ ಅಂಗೈಗೆ. ಇನ್ನು ಅವಳೇ ಬಾಯಿಬಿಟ್ಟು ಹೇಳಬೇಕು.

ಇಬ್ಬರೂ ಕೂತು ಒಂದು ಚೀಟಿ ಬರೆದೆವು. ವಾರ್ಡನ್ ನಂಬರು, ಹತ್ತಿರದ ಆಸ್ಪತ್ರೆ, ರಕ್ತದ ಗುಂಪು. ರ‍್ಯಾಗಿಂಗ್ ಆದರೆ ಕರೆ ಮಾಡೋಕೆ 1800-180-5522, 24 ಗಂಟೆಯೂ ಇರುತ್ತೆ. ಕೆಳಗೆ ಅವಳೇ ಸೇರಿಸಿದಳು: "ಹಾಜರಿ 85%". ಅವಳ ಎಂಜಿನಿಯರಿಂಗ್ ಕಾಲೇಜು ಸೇರಿರುವ ವಿಶ್ವವಿದ್ಯಾಲಯ ವಿಟಿಯು, ಅದರ ನಿಯಮ ಅದು.

ಫೋನಲ್ಲಿ ಮಾತ್ರ ಇದ್ದರೆ ಸಾಲದು, ಚಾರ್ಜ್ ಹೋದರೆ ಕಷ್ಟ. ಕಾಗದದಲ್ಲೂ ಇರಲಿ.

ಈ ವರ್ಷ ಯಾರ ಮಕ್ಕಳು ಹಾಸ್ಟೆಲ್‌ಗೆ ಹೊರಟಿದ್ದಾರೆ? ಚೀಟಿಗೆ ಇನ್ನೇನು ಸೇರಿಸಬೇಕು, ಹೇಳಿ.