ಮೊದಲ ಸೆಮಿ ಆಟೋಮ್ಯಾಟಿಕ್ ರೈಫಲ್: ದುಡ್ಡು ಬಂದೂಕಿಗೆಷ್ಟು, ತೋಟಾಕ್ಕೆಷ್ಟು?

ಅಮೆರಿಕದಲ್ಲಿ ಮೊದಲ ಸಲ ಸೆಮಿ ಆಟೋಮ್ಯಾಟಿಕ್ ರೈಫಲ್ (ಟ್ರಿಗರ್ ಒಮ್ಮೆ ಎಳೆದರೆ ಒಂದು ಗುಂಡು ಹಾರಿ, ಮುಂದಿನ ತೋಟಾ ತಾನೇ ಒಳಬರುವಂಥದ್ದು) ಕೊಳ್ಳಲು ಹೊರಟವರ ಕಣ್ಣು ನೇರ ಎಆರ್-15 ಮೇಲೆ ಬೀಳುತ್ತದೆ. ಇದ್ದ ಬಜೆಟ್ ಎಲ್ಲ ಅದರ ಮೇಲೆ ಸುರಿದು, ಎರಡು ಡಬ್ಬಿ ತೋಟಾ ಹಾರಿಸುವಷ್ಟರಲ್ಲಿ ಜೇಬು ಖಾಲಿ. ರೈಫಲ್ ಕಪಾಟು ಸೇರುತ್ತದೆ, ಗುರಿ ಮಾತ್ರ ಸುಧಾರಿಸುವುದಿಲ್ಲ. ನನ್ನ ಲೆಕ್ಕ ಬೇರೆ: ಒಟ್ಟು ಬಜೆಟ್ಟಿನ ಅರ್ಧದಷ್ಟು ಮಾತ್ರ ರೈಫಲ್‌ಗೆ, ಉಳಿದದ್ದು ತೋಟಾ ತುಂಬಿಡುವ ಮ್ಯಾಗಝೀನ್, ತೋಟಾ, ಕಿವಿ-ಕಣ್ಣಿನ ರಕ್ಷಣೆ ಮತ್ತು ಬೀಗಕ್ಕೆ. ಹೀಗೆ ಹಂಚಿದರೆ ಉತ್ತರ ತಾನಾಗಿ .22 ಎಲ್ಆರ್ (ಸಣ್ಣ ತೋಟಾ ಹಾರಿಸುವ ರೈಫಲ್) ಕಡೆ ವಾಲುತ್ತದೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಪರವಾನಗಿ ಪಡೆದ ಡೀಲರ್ ರೈಫಲ್ ಮಾರಬೇಕಾದರೆ ಫೆಡರಲ್ ಕಾನೂನಿನಂತೆ ಕೊಳ್ಳುವವರಿಗೆ 18 ತುಂಬಿರಬೇಕು, ಕೊಳ್ಳುವವರ ವಿವರದ ಫಾರ್ಮ್ 4473 ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ನಮ್ಮವರು ಎಡವುವುದು ವೀಸಾ ವಿಷಯದಲ್ಲಿ. ಎಚ್-1ಬಿ, ಎಫ್-1 ಥರದ ನಾನ್-ಇಮಿಗ್ರೆಂಟ್ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಕೆಲವು ವಿನಾಯಿತಿಗಳಿವೆ, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಚಾಲ್ತಿ ಬೇಟೆ ಲೈಸೆನ್ಸ್ ಅವುಗಳಲ್ಲೊಂದು. ಗುಂಡು ಹಾರಿಸುವ ರೇಂಜಿನಲ್ಲಿ ಬಾಡಿಗೆ ರೈಫಲ್ ಕೈಗೆತ್ತಿಕೊಳ್ಳುವಾಗಲೂ ಇದನ್ನು ಮರೆಯಬೇಡಿ. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ. ರಾಜ್ಯಗಳದ್ದು ಇನ್ನೊಂದು ಪದರ: ಇಲಿನಾಯ್ ಮತ್ತು ವಾಷಿಂಗ್ಟನ್ 2023ರಲ್ಲಿ ಎಆರ್ ಮಾದರಿಗಳ ಮಾರಾಟವನ್ನೇ ನಿಲ್ಲಿಸಿದವು, ಇನ್ನು ಕೆಲವು ಕಡೆ 10 ತೋಟಾಕ್ಕಿಂತ ದೊಡ್ಡ ಮ್ಯಾಗಝೀನ್ ಮಾರುವಂತಿಲ್ಲ. ದುಡ್ಡು ಕೊಡುವ ಮುಂಚೆ ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ.

ಈಗ .22 ಯಾಕೆ ಅನ್ನುವುದು. ಎಆರ್-15 ಹಾರಿಸುವ .223 ತೋಟಾ ಒಂದಕ್ಕೆ ಕೊಡುವ ಬೆಲೆಗೆ .22 ಐದಾರು ಬರುತ್ತವೆ. ಭುಜಕ್ಕೆ ಒದೆ ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚುವ, ಭುಜ ಬಿಗಿಯುವ ಚಾಳಿ ಅಂಟಿಕೊಳ್ಳುವುದಿಲ್ಲ. ಒಮ್ಮೆ ಅಂಟಿದರೆ ಅದನ್ನು ಬಿಡಿಸುವುದು ಸುಲಭವಲ್ಲ.

ಮಾದರಿಗಳಲ್ಲಿ ರೂಗರ್ 10/22 ಮೊದಲ ಹೆಸರು. 1964ರಿಂದ ತಯಾರಾಗುತ್ತಿದೆ, ಬಿಡಿಭಾಗ ಎಲ್ಲಿ ಕೇಳಿದರೂ ಸಿಗುತ್ತದೆ. 10 ತೋಟಾದ ಸುತ್ತುವ ಮ್ಯಾಗಝೀನ್ ಇದರ ನಿಜವಾದ ಬಲ. .22ರ ತೋಟಾಕ್ಕೆ ಹಿಂದುಗಡೆ ಅಂಚು ಇರುತ್ತದೆ; ನೇರ ಮ್ಯಾಗಝೀನಿನಲ್ಲಿ ಒಂದರ ಅಂಚು ಇನ್ನೊಂದರ ಹಿಂದೆ ಸಿಕ್ಕಿಕೊಂಡು ಮೇಲಕ್ಕೆ ಬರದೆ ನಿಲ್ಲುತ್ತದೆ. ರೂಗರ್‌ನಲ್ಲಿ ಪ್ರತಿ ತೋಟಾವೂ ರೋಟರಿನ ಬೇರೆ ಬೇರೆ ತೋಡಿನಲ್ಲಿ ಕೂರುವುದರಿಂದ ಆ ಜಗಳವೇ ಇಲ್ಲ. ಕೊರತೆಗಳೂ ಇವೆ. ಸಾಧಾರಣ ಮಾದರಿಯಲ್ಲಿ ಕೊನೆಯ ತೋಟಾ ಹಾರಿದ ಮೇಲೆ ಬೋಲ್ಟ್ (ತೋಟಾವನ್ನು ಒಳತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ತುಂಡು) ತೆರೆದು ನಿಲ್ಲುವುದಿಲ್ಲ. ಬೋಲ್ಟ್ ಕೂರುವ ರಿಸೀವರಿನ ಹಿಂಬದಿ ಮುಚ್ಚಿರುವುದರಿಂದ ಶುಚಿ ಮಾಡುವ ಕಡ್ಡಿಯನ್ನು ನಳಿಗೆಯ ಬಾಯಿಯಿಂದಲೇ ತೂರಿಸಬೇಕು. ಬಾಯಿಯ ಅಂಚು ಸವೆದರೆ ಗುರಿ ಕೆಡುತ್ತದೆ, ಹಾಗಾಗಿ ತೋಟಾ ಕೂರುವ ಚೇಂಬರ್ ಕಡೆಯಿಂದ ಎಳೆಯುವ ಹಗ್ಗದ ಬ್ರಷ್ ವಾಸಿ. ಬಿಚ್ಚುವಾಗ ಒಂದು ಗುಟ್ಟು: ಸೇಫ್ಟಿ ಗುಂಡಿಯನ್ನು ಎಡಕ್ಕೂ ಅಲ್ಲ ಬಲಕ್ಕೂ ಅಲ್ಲ, ಸರಿಯಾಗಿ ನಡುವೆ ನಿಲ್ಲಿಸಿ. ಇಲ್ಲದಿದ್ದರೆ ಅದರ ತುದಿ ಸ್ಟಾಕಿಗೆ (ಭುಜಕ್ಕಿಡುವ ಹಿಡಿ) ತಾಗಿ ರೈಫಲ್ ಮೇಲೇಳುವುದಿಲ್ಲ, ಜೋರು ಮಾಡಿದವರ ಮರದ ಸ್ಟಾಕ್ ಚಕ್ಕೆ ಎದ್ದುಹೋಗುತ್ತದೆ.

ಇನ್ನೂ ಕಡಿಮೆ ದುಡ್ಡಿಗೆ ಬೇಕಿದ್ದರೆ ಹಳೆಯ ಮಾರ್ಲಿನ್ ಮಾಡೆಲ್ 60. 1960ರಿಂದ ಲಕ್ಷಗಟ್ಟಲೆ ತಯಾರಾದ ರೈಫಲ್, ಸೆಕೆಂಡ್ ಹ್ಯಾಂಡ್ ಧಾರಾಳ. ಗುರಿಯ ವಿಷಯದಲ್ಲಿ ರೂಗರ್‌ಗೆ ಏನೂ ಕಡಿಮೆಯಿಲ್ಲ. ನಳಿಗೆಯ ಕೆಳಗಿನ ಕೊಳವೆಯಲ್ಲಿ ತೋಟಾ ತುಂಬುವುದು ನಿಧಾನದ ಕೆಲಸ, ಖಾಲಿ ಮಾಡುವುದು ಇನ್ನೂ ಎಚ್ಚರದ್ದು: ಒಳಕೊಳವೆ ಎಳೆದು ತೋಟಾ ಸುರಿದ ಮೇಲೂ ತೋಟಾ ಎತ್ತಿಕೊಡುವ ಭಾಗದಲ್ಲೋ ಚೇಂಬರಿನಲ್ಲೋ ಒಂದು ಉಳಿದಿರಬಹುದು. ಬೋಲ್ಟನ್ನು ಹಲವು ಸಲ ಎಳೆದು, ಆಮೇಲೆ ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ರಿಸೀವರಿನ ಹಿಂಭಾಗದಲ್ಲಿ ಪ್ಲಾಸ್ಟಿಕ್ಕಿನ ಪುಟ್ಟ ಬಫರ್ ಇದೆ. ಶುಚಿ ಮಾಡುವ ದ್ರಾವಣ ವರ್ಷಗಟ್ಟಲೆ ತಾಗಿದರೆ ಅದು ಬಿರುಕು ಬಿಟ್ಟು ಚೂರಾಗುತ್ತದೆ, ಚೂರುಗಳು ಒಳಗೆ ಸಿಕ್ಕಿಕೊಂಡು ಬೋಲ್ಟ್ ತೊದಲುತ್ತದೆ. ಹೊಸ ಬಫರ್‌ಗೆ ಕೆಲವೇ ಡಾಲರ್. ಸ್ಯಾವೇಜ್ 64 ಹೊಸದಾಗಿಯೇ ಅಗ್ಗ, ಅದಕ್ಕೂ ಅಡ್ಡಿಯಿಲ್ಲ. ಮ್ಯಾಗಝೀನ್ ಮಾತ್ರ ಎರಡು ಹೆಚ್ಚಿಗೆ ಕೊಂಡು ಯಾವುದು ಚೆನ್ನಾಗಿ ಉಣಿಸುತ್ತದೋ ಅದಕ್ಕೆ ಗುರುತು ಹಾಕಿಕೊಳ್ಳಿ.

ಹಾರಿಸುವಾಗ ರೈಫಲ್ ಸಿಕ್ಕಿಕೊಂಡು ನಿಂತರೆ ಜನ ಬಂದೂಕನ್ನು ಬೈಯುತ್ತಾರೆ. ನಾನು ಹುಡುಕುವ ಕ್ರಮ: ಮೊದಲು ತೋಟಾ, ಆಮೇಲೆ ಮ್ಯಾಗಝೀನ್, ಆಮೇಲೆ ಕೊಳೆ, ಕಟ್ಟಕಡೆಗೆ ಬಂದೂಕು. ಈ .22 ರೈಫಲ್‌ಗಳೆಲ್ಲ ಬ್ಲೋಬ್ಯಾಕ್ ಬಗೆಯವು. ಬೋಲ್ಟಿಗೆ ಬೀಗವಿಲ್ಲ, ಅದರ ತೂಕ ಮತ್ತು ಸ್ಪ್ರಿಂಗೇ ಅದನ್ನು ತಡೆಹಿಡಿಯುವುದು, ಖಾಲಿ ಚಿಪ್ಪಿನ ಒತ್ತಡವೇ ಅದನ್ನು ಹಿಂದಕ್ಕೆ ನೂಕುವುದು. ತೋಟಾ ಸಪ್ಪೆಯಾದರೆ ಬೋಲ್ಟ್ ಪೂರ್ತಿ ಹಿಂದೆ ಹೋಗುವುದಿಲ್ಲ. ಆಗ ಖಾಲಿ ಚಿಪ್ಪು ಹೊರಬೀಳುವ ಬಾಗಿಲಲ್ಲೇ ನಿಗುರಿ ನಿಲ್ಲುತ್ತದೆ, ಇಲ್ಲವೇ ಚಿಪ್ಪು ಹೊರಬಿದ್ದರೂ ಹೊಸ ತೋಟಾ ಎದ್ದಿರುವುದಿಲ್ಲ. ಹೀಗಾಗಿ ಮೊದಲ ಪರೀಕ್ಷೆಗೆ 40 ಗ್ರೇನ್ ತೂಕದ ಗುಂಡಿನ, ಸೆಕೆಂಡಿಗೆ 1,200 ಅಡಿಗೂ ಮೇಲ್ಪಟ್ಟ ವೇಗದ ತೋಟಾ ಇರಲಿ. ಸಿಸಿಐ ಮಿನಿ-ಮ್ಯಾಗ್ ಅಂಥದ್ದು. ಅದರಲ್ಲಿ 200 ತೋಟಾ ಸಲೀಸಾಗಿ ಹೋದರೆ ರೈಫಲ್ ಸರಿ ಇದೆ ಎಂದೇ ಲೆಕ್ಕ. ಆಮೇಲೆ ಅಗ್ಗದ ಬಲ್ಕ್ ಡಬ್ಬಿಗಳನ್ನು ಒಂದೊಂದಾಗಿ ಹಾರಿಸಿ ನೋಡಿ, ಹೊಂದಿದ್ದನ್ನು ಒಟ್ಟಿಗೆ ಕೊಂಡಿಡಿ.

.22ರಲ್ಲಿ ಸಿಡಿಮದ್ದು ಅಂಚಿನೊಳಗೆ ತೆಳುವಾಗಿ ಹರಡಿರುತ್ತದೆ, ಎಲ್ಲೋ ಒಂದು ಕಡೆ ಸೇರಿರದಿದ್ದರೆ ಪಿನ್ ಬಡಿದರೂ ತೋಟಾ ಸಿಡಿಯುವುದಿಲ್ಲ. ಹಾಗಾದಾಗ ನಳಿಗೆಯ ಬಾಯಿಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ಆಮೇಲೆ ತೆಗೆಯಿರಿ. ಸಿಡಿದ ಸದ್ದು ಎಂದಿಗಿಂತ ಮೆತ್ತಗೆ ಕೇಳಿಸಿತೋ, ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಉಳಿದಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಇದೇ ಉಬ್ಬನ್ನು ಹುಡುಕಬೇಕು. ಡೀಲರನ್ನು ಕೇಳಿ, ರೈಫಲ್ ಖಾಲಿ ಎಂದು ಇಬ್ಬರೂ ನೋಡಿ, ಬೋಲ್ಟ್ ತೆರೆದಿಟ್ಟು, ಒಳಕ್ಕೆ ಬೆಳಕು ಬಿಟ್ಟು ನಳಿಗೆಯಲ್ಲಿ ಇಣುಕಿ. ಒಳಗೆ ಕಪ್ಪು ಉಂಗುರದಂಥ ನೆರಳು ಕಂಡರೆ ಅಲ್ಲಿಗೆ ವ್ಯಾಪಾರ ಮುಗಿಯಿತು. ಆಮೇಲೆ ಚೇಂಬರಿನ ಹಿಂಬಾಯಿಯ ಅಂಚನ್ನು ಉಗುರಿನಿಂದ ಸವರಿ. ಖಾಲಿ ರೈಫಲಿನ ಟ್ರಿಗರನ್ನು ಆಟಕ್ಕೆ ಎಳೆದೆಳೆದು ಪಿನ್ ಅಲ್ಲಿ ಬಡಿದಿದ್ದರೆ ಪುಟ್ಟ ತಗ್ಗು, ಅದರ ಪಕ್ಕ ಒಳಕ್ಕೆ ಚಾಚಿದ ಮುಳ್ಳು ಬೆರಳಿಗೆ ಸಿಗುತ್ತದೆ. ತೋಟಾ ಒಳಹೋಗಲೂ ಬಿಗಿ, ಚಿಪ್ಪು ಹೊರಬರಲೂ ಬಿಗಿ. ಎಕ್ಸ್‌ಟ್ರಾಕ್ಟರ್ (ಚಿಪ್ಪು ಹೊರಗೆಳೆಯುವ ಕೊಕ್ಕೆ) ಬದಲಿಸಿ ಬದಲಿಸಿ ಸುಸ್ತಾಗುವವರ ರೈಫಲಿನಲ್ಲಿ ಎಷ್ಟೋ ಸಲ ಇರುವುದು ಈ ಮುಳ್ಳೇ. ಬಂದೂಕು ರಿಪೇರಿಯವರಿಗೆ ಅದು ಸಣ್ಣ ಕೆಲಸ, ಚೌಕಾಸಿಗೆ ಒಳ್ಳೆಯ ನೆಪ.

ಖಾಲಿ ರೈಫಲಿನಲ್ಲೇ ಟ್ರಿಗರ್ ಪರೀಕ್ಷೆ ಮಾಡಿ. ಸೇಫ್ಟಿ ಹಾಕಿ ಎಳೆದರೆ ಹ್ಯಾಮರ್ (ಪಿನ್ನಿಗೆ ಬಡಿಯುವ ಸುತ್ತಿಗೆ) ಬೀಳಬಾರದು. ಸೇಫ್ಟಿ ತೆಗೆದು ಎಳೆದಾಗ ಬೀಳಬೇಕು. ಟ್ರಿಗರನ್ನು ಹಾಗೆಯೇ ಹಿಡಿದು ಬೋಲ್ಟನ್ನು ಹಿಂದಕ್ಕೆಳೆದು ಬಿಡಿ, ನಿಧಾನವಾಗಿ ಟ್ರಿಗರ್ ಸಡಿಲಿಸಿ. ಟಿಕ್ ಎಂದು ಹಿಡಿದುಕೊಂಡದ್ದು ಬೆರಳಿಗೆ ಗೊತ್ತಾಗಬೇಕು. ಟ್ರಿಗರ್ ಮುಟ್ಟದೆಯೇ ಬೋಲ್ಟ್ ಮುಚ್ಚಿದಾಗ ಹ್ಯಾಮರ್ ಬಿದ್ದರೆ ಆ ರೈಫಲನ್ನು ಅಲ್ಲೇ ಬಿಟ್ಟು ಬನ್ನಿ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

ಇಷ್ಟು ಹೇಳಿದ ಮೇಲೂ ಎಆರ್-15 ಬೇಕೇ ಬೇಕು ಅನ್ನುವವರಿಗೆ: ನೀವೇ ಜೋಡಿಸಲು ಹೋಗದೆ ಹೆಸರಿರುವ ಕಂಪನಿಯ ಸಾದಾ ಸಿದ್ಧ ರೈಫಲ್ ಕೊಳ್ಳಿ. 16 ಇಂಚಿನ ನಳಿಗೆ, ಮಿಡ್-ಲೆಂತ್ ಗ್ಯಾಸ್ ವ್ಯವಸ್ಥೆ (ನಳಿಗೆಯ ಗ್ಯಾಸನ್ನು ಹಿಂದೆ ತಂದು ಬೋಲ್ಟ್ ನಡೆಸುವ ನಡು ಉದ್ದದ ಕೊಳವೆ), ಚೇಂಬರ್ ಮೇಲೆ 5.56 ಗುರುತು. ಅದೇ 16 ಇಂಚಿಗೆ ಇನ್ನೂ ಗಿಡ್ಡದಾದ ಕಾರ್ಬೈನ್ ಉದ್ದದ ಗ್ಯಾಸ್ ಕೊಳವೆ ಇದ್ದರೆ ಗ್ಯಾಸ್ ಬೇಗ ಮತ್ತು ಜೋರಾಗಿ ನುಗ್ಗುತ್ತದೆ. ರೈಫಲ್ ನಡೆಯುತ್ತದೆ, ಆದರೆ ಒದೆಯೂ ಸವೆತವೂ ಹೆಚ್ಚು. 5.56 ಚೇಂಬರಿನಲ್ಲಿ .223 ತೋಟಾವನ್ನೂ ಹಾರಿಸಬಹುದು. .223 ಎಂದಷ್ಟೇ ಬರೆದ ಚೇಂಬರಿನಲ್ಲಿ 5.56 ಹಾರಿಸಬಾರದು, ಅದರಲ್ಲಿ ಗುಂಡು ನಳಿಗೆಗೆ ನುಗ್ಗುವ ಕೊರಳು ಗಿಡ್ಡವಾಗಿರುವುದರಿಂದ ಒತ್ತಡ ಏರುತ್ತದೆ.

ಅಗ್ಗದ ಎಆರ್‌ನಲ್ಲಿ ಕಂಪನಿ ಎಲ್ಲಿ ಕೈ ಬಿಗಿ ಹಿಡಿದಿದೆ ಎಂದು ತಿಳಿಯಲು ಬೋಲ್ಟನ್ನು ಹೊತ್ತಿರುವ ಬೋಲ್ಟ್ ಕ್ಯಾರಿಯರ್ ಹೊರತೆಗೆದು ನೋಡಿದರೆ ಸಾಕು. ಅದರ ಮೇಲಿನ ಗ್ಯಾಸ್ ಕೀಗೆ (ಗ್ಯಾಸ್ ಒಳಬರುವ ಮೂತಿ) ಎರಡು ಸ್ಕ್ರೂ ಇರುತ್ತವೆ. ಸುತ್ತಲಿನ ಲೋಹವನ್ನು ಬಡಿದು ಸ್ಕ್ರೂ ತಲೆಗೆ ಒತ್ತಿರಬೇಕು, ತಗ್ಗುಗಳು ಎದ್ದು ಕಾಣಬೇಕು. ಕಾಟಾಚಾರಕ್ಕೆ ಒಂದು ಚುಕ್ಕೆ ಹೊಡೆದಿದ್ದರೆ ಸ್ಕ್ರೂ ಸಡಿಲಾಗಿ ಗ್ಯಾಸ್ ಸೋರುತ್ತದೆ, ಕ್ಯಾರಿಯರ್ ಪೂರ್ತಿ ಹಿಂದೆ ಸರಿಯುವುದಿಲ್ಲ. ಹಳೆಯ ರೈಫಲ್ ಆದರೆ ಬೋಲ್ಟನ್ನು ಮುಂದಕ್ಕೆಳೆದು, ಬೋಲ್ಟಿನ ಮುಖ ಕೆಳಗೆ ಮಾಡಿ ಮೇಜಿನ ಮೇಲೆ ನಿಲ್ಲಿಸಿ. ಕ್ಯಾರಿಯರ್ ತನ್ನ ತೂಕಕ್ಕೇ ಕುಸಿದರೆ ಬೋಲ್ಟಿನ ಮೇಲಿನ, ಗ್ಯಾಸ್ ಸೋರದಂತೆ ತಡೆಯುವ ರಿಂಗ್ ಸವೆದಿವೆ. ಮೂರು ರಿಂಗ್ ಬದಲಿಸಿದರಾಯಿತು, ಇದೇನೂ ದೊಡ್ಡ ಖರ್ಚಲ್ಲ. ಹೊಸ ಎಆರ್ ಸಿಕ್ಕಿಕೊಂಡು ನಿಲ್ಲುತ್ತಿದ್ದರೆ ಎರಡು ಹನಿ ಎಣ್ಣೆಗೆ ಜಿಪುಣತನ ಮಾಡಬೇಡಿ, ಅದು ಒಣಗಿದ್ದಕ್ಕಿಂತ ಒದ್ದೆಯಾಗಿದ್ದರೆ ಚೆನ್ನಾಗಿ ಓಡುತ್ತದೆ.

ಅಗ್ಗಕ್ಕೆ ಸಿಗುತ್ತಿದ್ದ ಹಳೆಯ ಸೇನಾ ಎಸ್‌ಕೆಎಸ್ ರೈಫಲ್ ಈಗ ಅಗ್ಗವಾಗಿಲ್ಲ. ಸಿಕ್ಕರೂ ಬೋಲ್ಟ್ ಬಿಚ್ಚಿ ಕಾಸ್ಮೊಲಿನ್ ಗ್ರೀಸನ್ನು ಪೂರ್ತಿ ತೊಳೆಯದೆ ತೋಟಾ ಹಾಕಬೇಡಿ. ಅದರ ಫೈರಿಂಗ್ ಪಿನ್ ಸಡಿಲವಾಗಿ ಓಡಾಡಬೇಕು. ಗ್ರೀಸಿನಲ್ಲಿ ಅಂಟಿ ಮುಂದೆ ಸಿಕ್ಕಿಕೊಂಡರೆ ಬೋಲ್ಟ್ ಮುಚ್ಚುತ್ತಿದ್ದಂತೆ ಟ್ರಿಗರ್ ಮುಟ್ಟದೆಯೇ ಗುಂಡು ಹಾರುತ್ತದೆ.

ಸ್ಕೋಪ್ ತಡವಾಗಿ ಕೊಂಡರೂ ನಡೆಯುತ್ತದೆ. ಕೊಂಡರೆ ರಿಮ್‌ಫೈರ್ (.22ರ ಬಗೆ) ಎಂದು ಬರೆದದ್ದನ್ನೇ ಕೊಳ್ಳಿ: ಅದರಲ್ಲಿ ಪ್ಯಾರಲಾಕ್ಸ್ (ಕಣ್ಣು ಕದಲಿದರೆ ಗುರಿ ಸರಿದಂತೆ ಕಾಣುವ ದೋಷ) ಬರದಂತೆ 50 ಗಜ ಆಸುಪಾಸಿಗೆ ಹೊಂದಿಸಿರುತ್ತಾರೆ, ದೊಡ್ಡ ರೈಫಲಿನದ್ದಕ್ಕೆ 100 ಗಜ ಅಥವಾ ಅದಕ್ಕೂ ಹೆಚ್ಚು. 50 ಗಜಕ್ಕೆ ಗುರಿ ಕಟ್ಟಿದ ವೇಗದ .22 ಗುಂಡು 100 ಗಜದಲ್ಲಿ ಸುಮಾರು ಆರು ಇಂಚು ಕೆಳಗೆ ಬೀಳುತ್ತದೆ. ಬೀಗವನ್ನು ಮಾತ್ರ ಮುಂದೂಡಬೇಡಿ. ಮಕ್ಕಳಿರುವ ಮನೆಯಲ್ಲಿ ಬೀಗ ಹಾಕದೆ ಬಿಡುವುದು ಎಷ್ಟೋ ರಾಜ್ಯಗಳಲ್ಲಿ ಅಪರಾಧ. ರೈಫಲ್ ಖಾಲಿ ಮಾಡಿ ಉಕ್ಕಿನ ಕಪಾಟಿನಲ್ಲಿಡಿ, ತೋಟಾಕ್ಕೆ ಬೇರೆ ಬೀಗದ ಪೆಟ್ಟಿಗೆ. ರೇಂಜಿನಿಂದ ಬಂದವರು ಊಟಕ್ಕೆ ಕೂರುವ ಮುಂಚೆ ಸೋಪು ಹಚ್ಚಿ ತಣ್ಣೀರಲ್ಲಿ ಕೈ ತೊಳೆಯಬೇಕು, .22 ಗುಂಡಿನ ಸೀಸ ಬೆರಳಿಗೆ ಅಂಟಿಯೇ ಇರುತ್ತದೆ.