ಹೀರೋಯಿನ್‌ಗಳು ಯಾಕೆ ಅಷ್ಟು ಮುದ್ದಾಗಿ ಕಾಣ್ತಾರೆ? ನೀವು ಹೋಲಿಸ್ತೀರಾ?

ನಾನು ಮದುವೆ ಫೋಟೋ ತೆಗೆಯುವವನು. ಮೇಕಪ್ ಮುಗಿಸಿ ಕೂತ ಮದುಮಗಳು ಮೊಬೈಲ್‌ನಲ್ಲಿ ಯಾವುದೋ ನಟಿಯ ಫೋಟೋ ತೋರಿಸಿ, ‘ಅಣ್ಣಾ, ಇವರು ಹೇಗೆ ಇಷ್ಟು ಮುದ್ದಾಗಿ ಕಾಣ್ತಾರೆ?’ ಅಂತ ಕೇಳುತ್ತಾಳೆ. ಸ್ವಲ್ಪ ಸಲಿಗೆ ಬಂದ ಮೇಲೆ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ: ‘ಗಂಡಸರು ನಮ್ಮನ್ನ ಅವರ ಜೊತೆ ಹೋಲಿಸ್ತೀರಾ?’ ಛತ್ರದ ಗಡಿಬಿಡಿಯಲ್ಲಿ ಪೂರ್ತಿ ಹೇಳಲು ಆಗುವುದಿಲ್ಲ. ಇಲ್ಲಿ ಹೇಳುತ್ತೇನೆ.

ದೊಡ್ಡ ಕಣ್ಣು, ತುಂಬಿದ ಕೆನ್ನೆ, ಅಗಲ ಹಣೆ. ಇವೆಲ್ಲ ಎಳೆ ಮಗುವಿನ ಮುಖದ ಗುರುತು. ಇವನ್ನು ಕಂಡರೆ ನಮಗೆ ತಾನಾಗಿಯೇ ಮುದ್ದು ಬರುತ್ತದೆ ಎಂದು ಆಸ್ಟ್ರಿಯಾದ ವಿಜ್ಞಾನಿ ಕಾನ್ರಾಡ್ ಲಾರೆಂಜ್ 1943ರಲ್ಲೇ ಬರೆದಿದ್ದರು. ಕಣ್ಣಿಗೆ ಅಷ್ಟು ಹೊತ್ತು ಮೇಕಪ್ ಮಾಡುವುದು ಸುಮ್ನೆ ಅಲ್ಲ. ಇನ್ನು ಕಣ್ಣಿನೊಳಗೆ ಹೊಳೆಯುವ ಚುಕ್ಕಿ ಇದೆಯಲ್ಲ, ಅದು ಎದುರಿಗಿಟ್ಟ ಲೈಟಿನ ಪ್ರತಿಬಿಂಬ. ಅದಿಲ್ಲದಿದ್ದರೆ ಎಂಥ ಚೆಲುವೆಯ ಕಣ್ಣೂ ಮಂಕು. ಶೂಟಿಂಗ್‌ನಲ್ಲಿ ಮುಖದ ಕೆಳಗೆ ಥರ್ಮಾಕೋಲ್ ಹಿಡಿದು ಬೆಳಕನ್ನು ಮೇಲಕ್ಕೆ ಚಿಮ್ಮಿಸುತ್ತಾರೆ. ಕಣ್ಣಿನ ಕೆಳಗಿನ ಕಪ್ಪು ಅಲ್ಲೇ ಅಳಿಸಿಹೋಗುತ್ತದೆ.

ಲೆನ್ಸ್ ವಿಷಯ ಪ್ರತಿ ಹುಡುಗಿಗೂ ಗೊತ್ತಿರಬೇಕು. ಮುಖದ ಕ್ಲೋಸಪ್ ಚೆನ್ನಾಗಿ ಬರಲಿ ಅಂತ ನಾವು ದೂರ ನಿಂತು ಉದ್ದದ ಲೆನ್ಸ್‌ನಲ್ಲಿ ತೆಗೆಯುತ್ತೇವೆ. ಸೆಲ್ಫಿ ತೆಗೆಯುವುದು ಒಂದೇ ಅಡಿ ದೂರದಿಂದ. ಅಷ್ಟು ಹತ್ತಿರದಲ್ಲಿ ಮೂಗು ಸುಮಾರು ಶೇ 30ರಷ್ಟು ಜಾಸ್ತಿ ಅಗಲ ಕಾಣುತ್ತದೆ ಎಂದು ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದರು. ತಮ್ಮ ಸೆಲ್ಫಿಯನ್ನು ನಟಿಯ ಕ್ಲೋಸಪ್ ಪಕ್ಕ ಇಟ್ಟುಕೊಂಡು ‘ನನ್ನ ಮೂಗು ದಪ್ಪ’ ಅಂತ ಕೊರಗುವವರನ್ನು ನೋಡಿದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಎಷ್ಟೋ ಸಲ ಆ ಸಿಹಿ ದನಿ ಕೂಡ ಡಬ್ಬಿಂಗ್ ಕಲಾವಿದೆಯದು.

ಹಾಗಂತ ಎಲ್ಲ ಲೈಟು, ಲೆನ್ಸೇ ಮಾಡುತ್ತದೆ ಅನ್ನಲಾರೆ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಮಂಜುಳಾ ಮಾಡಿದ ದುರ್ಗಿಯನ್ನು ನೋಡಿ. ಬಾಯಿ ಜೋರು, ಸೊಕ್ಕು, ರಾಜ್‌ಕುಮಾರ್ ಎದುರೇ ಗುಡುಗುತ್ತಾಳೆ. ಆದರೂ ಮುದ್ದು ಬರುತ್ತದೆ, ಅಲ್ವಾ? ಅದು ನಟನೆ. ಯಾವ ಮೇಕಪ್‌ನಿಂದಲೂ ಬರುವಂಥದ್ದಲ್ಲ.

ಇನ್ನು ಹೋಲಿಕೆ. ಸುಳ್ಳು ಹೇಳಲಾರೆ, ಹೋಲಿಸುತ್ತೇವೆ. 1980ರಲ್ಲಿ ಕೆನ್ರಿಕ್ ಮತ್ತು ಗುಟಿಯರೆಸ್ ಎಂಬ ಸಂಶೋಧಕರು ಅಮೆರಿಕದ ಹಾಸ್ಟೆಲ್ ಹುಡುಗರಿಗೆ ಒಬ್ಬ ಸಾಧಾರಣ ಹುಡುಗಿಯ ಫೋಟೋ ತೋರಿಸಿದರು. ಟಿವಿಯಲ್ಲಿ ‘ಚಾರ್ಲೀಸ್ ಏಂಜಲ್ಸ್’ನ ಚೆಲುವೆಯರನ್ನು ನೋಡುತ್ತಿದ್ದವರು ಆಕೆಗೆ ಕಡಿಮೆ ಅಂಕ ಕೊಟ್ಟರು. 1989ರ ಇನ್ನೊಂದು ಅಧ್ಯಯನ, ಮಾಡೆಲ್‌ಗಳ ಚಿತ್ರ ನೋಡಿದ ಗಂಡಸರಿಗೆ ತಮ್ಮ ಹೆಂಡತಿ ಮೇಲಿನ ಪ್ರೀತಿಯೂ ತಗ್ಗುತ್ತದೆ ಅಂದಿತು. ಆದರೆ 2017ರಲ್ಲಿ ಜಾಸ್ತಿ ಜನರನ್ನಿಟ್ಟುಕೊಂಡು ಅದನ್ನೇ ಮತ್ತೆ ಮಾಡಿದಾಗ ಹಾಗೇನೂ ಕಾಣಲಿಲ್ಲ. ಗುರುತಿಲ್ಲದ ಮುಖಕ್ಕೆ ಅಂಕ ಹಾಕುವುದು ಬೇರೆ, ದಿನಾ ಜೊತೆಗಿರುವವಳನ್ನು ನೋಡುವುದು ಬೇರೆ ಅಂತ ನನಗೂ ಅನ್ನಿಸುತ್ತದೆ.

ಆಲ್ಬಂಗೆ ಫೋಟೋ ಆರಿಸಲು ಗಂಡ ಹೆಂಡತಿ ಇಬ್ಬರೂ ಬರುತ್ತಾರೆ. ಜೋರಾಗಿ ನಕ್ಕು ಕಣ್ಣು ಪೂರ್ತಿ ಮುಚ್ಚಿಹೋದ ಒಂದು ಫೋಟೋ ಇದ್ದೇ ಇರುತ್ತದೆ. ಅವಳು ಬೇಡ ಅನ್ನುತ್ತಾಳೆ. ನಾನೂ ತೆಗೆದುಹಾಕಲು ಹೊರಟಿರುತ್ತೇನೆ. ಅವನು ತಡೆಯುತ್ತಾನೆ: ‘ಇದು ಇರಲಿ ಸಾರ್, ಇವಳು ನಗೋದೇ ಹೀಗೆ.’